ರಕ್ತದಾನಕ್ಕೆ ಜ್ಞಾನದ ಕಣ್ಣನ್ನಿತ್ತ ಕಾರ್ಲ್ ಲ್ಯಾಂಡ್‌ಸ್ಟೈನರ್

ದಾನಗಳಲ್ಲಿ ಅನ್ನದಾನವೂ ವಿದ್ಯಾದಾನವೂ ಶ್ರೇಷ್ಠವೆಂದು ನಮ್ಮ ಹಿರಿಯರು ಎಣಿಸಿದ್ದಾರೆ. ಪಾತ್ರಾಪಾತ್ರ ವಿವೇಚನೆಯಿಲ್ಲದೆ ಕೊಟ್ಟ ದಾನವು ಫಲಿಸದೆಂಬ ಎಚ್ಚರಿಕೆಯನ್ನೂ ಅವರೇ ಇತ್ತಿದ್ದಾರೆ. ಈ ಮಾತು ರಕ್ತದಾನಕ್ಕೆ ಒಪ್ಪುವಷ್ಟು ಅಕ್ಷರಶಃ ಬೇರಾವ ದಾನಕ್ಕೂ ಒಪ್ಪದು. ಪಾತ್ರವರಿಯದೆ ಕೊಟ್ಟ ರಕ್ತವು ಪಡೆದವನ ಪ್ರಾಣವನ್ನೇ ಅಪಹರಿಸೀತು. ಆ ಪಾತ್ರವನ್ನು ಅರಿಯುವ ಬಗೆಯನ್ನು ಲೋಕಕ್ಕೆ ತೋರಿಸಿಕೊಟ್ಟ ಮಹನೀಯರು ಕಾರ್ಲ್ ಲ್ಯಾಂಡ್‌ಸ್ಟೈನರ್ ಅವರು.

ಅವರು ಜನಿಸಿದ್ದು 1868ನೆಯ ಇಸವಿ ಜೂನ್ 14ರಂದು, ಆಸ್ಟ್ರಿಯಾ ದೇಶದ ವಿಯೆನ್ನಾ ನಗರದ ಬಳಿಯ ಬಾಡೆನ್ ಎಂಬ ಊರಿನಲ್ಲಿ. ತಂದೆ ಲಿಯೋಪೋಲ್ಡ್ ಹೆಸರಾಂತ ಪತ್ರಿಕೋದ್ಯಮಿ. ಮಗನಿಗೆ ಆರು ವರ್ಷ ತುಂಬಿದ್ದಾಗಲೇ ಅವರು ತೀರಿಕೊಂಡರು. ಅಂದಿನಿಂದ ಬಾಲಕನ ಪಾಲನೆಯ ಭಾರವೆಲ್ಲ ತಾಯಿ ಫ್ಯಾನಿಯವರ ಮೇಲೆ ಬಿದ್ದಿತು. ಆ ಮಾತೆಯ ಋಣವನ್ನು ಮಗ ಎಂದಿಗೂ ಮರೆಯಲಿಲ್ಲ. ಆಕೆ ಕಾಲವಾದ ಮೇಲೆ ಆಕೆಯ ಮುಖದ ಅಚ್ಚನ್ನು ತೆಗೆಸಿ, ತಾವು ಬದುಕಿರುವವರೆಗೂ ಅದನ್ನು ತಮ್ಮ ಕೋಣೆಯ ಗೋಡೆಯ ಮೇಲಿರಿಸಿಕೊಂಡಿದ್ದರು.

1891ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದಿಂದ ವೈದ್ಯ ಪದವಿಯನ್ನು ಪಡೆದ ಲ್ಯಾಂಡ್‌ಸ್ಟೈನರ್ ಅವರು ಅಷ್ಟಕ್ಕೇ ತೃಪ್ತರಾಗಲಿಲ್ಲ. ದೇಹದ ರಹಸ್ಯವನ್ನರಿಯಲು ರಸಾಯನಶಾಸ್ತ್ರವು ಬೇಕೆಂದು ಮನಗಂಡು ವುರ್ಟ್ಸ್‌ಬುರ್ಗ್, ಮ್ಯೂನಿಕ್, ಜ್ಯೂರಿಕ್ ನಗರಗಳಿಗೆ ಹೋಗಿ ಆ ಶಾಸ್ತ್ರದ ಆಚಾರ್ಯರ ಬಳಿ ಅಭ್ಯಾಸ ಮಾಡಿದರು. ಬಳಿಕ ವಿಯೆನ್ನಾಕ್ಕೆ ಹಿಂದಿರುಗಿ, 1898ರಿಂದ ಹತ್ತು ವರ್ಷಗಳ ಕಾಲ ರೋಗನಿದಾನ ಶಾಸ್ತ್ರದ ಸಂಸ್ಥೆಯಲ್ಲಿ ಸಹಾಯಕರಾಗಿ ದುಡಿದರು. ಶವಪರೀಕ್ಷೆಯೇ ಅಲ್ಲಿ ಅವರ ನಿತ್ಯದ ಕೆಲಸ.

ಆ ಕಾಲಕ್ಕೆ ಒಬ್ಬರ ರಕ್ತವನ್ನು ಇನ್ನೊಬ್ಬರಿಗೆ ಕೊಡುವ ಸಾಹಸ ಹೊಸದಾಗಿರಲಿಲ್ಲ. 1667ರಲ್ಲಿಯೇ ಪ್ಯಾರಿಸ್ಸಿನಲ್ಲಿ ಕುರಿಮರಿಯ ರಕ್ತವನ್ನು ಮನುಷ್ಯನಿಗೆ ಕೊಟ್ಟು ನೋಡಿದ್ದರು. 1818ರಲ್ಲಿ ಲಂಡನ್ನಿನ ಜೇಮ್ಸ್ ಬ್ಲಂಡೆಲ್ ಎಂಬ ವೈದ್ಯರು ಮನುಷ್ಯರ ರಕ್ತವನ್ನೇ ರೋಗಿಗೆ ಕೊಟ್ಟರು. ಮುಂದೆ ಹೀಗೆ ರಕ್ತ ಪಡೆದವರಲ್ಲಿ ಕೆಲವರು ಚೇತರಿಸಿಕೊಂಡರೆ, ಮತ್ತೆ ಕೆಲವರು ಚಳಿನಡುಕಕ್ಕೊಳಗಾಗಿ, ಮೂತ್ರ ಕಪ್ಪಾಗಿ ಮೃತರಾಗುತ್ತಿದ್ದರು. ಒಬ್ಬನನ್ನು ಉಳಿಸಿದ ಚಿಕಿತ್ಸೆ ಇನ್ನೊಬ್ಬನನ್ನು ಏಕೆ ಕೊಲ್ಲುವುದೆಂಬುದು ಯಾರಿಗೂ ಬಗೆಹರಿಯದ ಒಗಟಾಗಿತ್ತು.

ಒಬ್ಬರ ರಕ್ತದ ತಿಳಿದ್ರವಕ್ಕೆ ಇನ್ನೊಬ್ಬರ ಕೆಂಪು ಕಣಗಳನ್ನು ಬೆರೆಸಿದರೆ ಆ ಕಣಗಳು ಕೆಲವೊಮ್ಮೆ ಹೆಪ್ಪುಹೆಪ್ಪಾಗಿ ಅಂಟಿಕೊಳ್ಳುವುದನ್ನು ಲ್ಯಾಂಡ್‌ಸ್ಟೈನರ್ ಅವರು ಗಮನಿಸಿದರು. ಇದು ರೋಗದ ಲಕ್ಷಣವೆಂದು ಹಲವರು ಬಗೆದಿದ್ದರು. ಅವರಾದರೋ ತಮ್ಮ ರಕ್ತವನ್ನೂ ತಮ್ಮೊಡನೆ ದುಡಿಯುತ್ತಿದ್ದ ಆರೋಗ್ಯವಂತರ ರಕ್ತವನ್ನೂ ತೆಗೆದು, ಒಂದೊಂದನ್ನೂ ಉಳಿದೆಲ್ಲದರೊಡನೆ ಬೆರೆಸಿ ಪರೀಕ್ಷಿಸಿದರು. ಅಂಟಿಕೊಳ್ಳುವುದಕ್ಕೂ ಅಂಟದಿರುವುದಕ್ಕೂ ಒಂದು ನಿಯಮವಿರುವುದು ಸ್ಪಷ್ಟವಾಯಿತು. 1901ರಲ್ಲಿ ಅವರು ಮನುಷ್ಯರ ರಕ್ತವನ್ನು ಮೂರು ಗುಂಪುಗಳಾಗಿ ವಿಂಗಡಿಸಿ ಲೇಖನ ಪ್ರಕಟಿಸಿದರು. ಅವೇ ಇಂದಿನ ಎ, ಬಿ, ಓ ಗುಂಪುಗಳು. ಎಬಿ ಎಂಬ ನಾಲ್ಕನೆಯ ಗುಂಪನ್ನು ಮರುವರ್ಷ ಅವರ ಸಹೋದ್ಯೋಗಿಗಳು ಕಂಡುಹಿಡಿದರು. ಎ ಗುಂಪಿನವರ ತಿಳಿದ್ರವದಲ್ಲಿ ಬಿ ಕಣಗಳನ್ನು ವಿರೋಧಿಸುವ ವಸ್ತುವಿರುತ್ತದೆ. ಬಿ ಗುಂಪಿನವರಲ್ಲಿ ಎ ಕಣಗಳನ್ನು ವಿರೋಧಿಸುವ ವಸ್ತು. ರೋಗಿಗಳು ಸಾಯುತ್ತಿದ್ದುದರ ಕಾರಣವು ಇಲ್ಲಿ ಅಡಗಿತ್ತು.

ಇಂಥ ಶೋಧಕ್ಕೆ ಲೋಕವು ಒಡನೆಯೇ ಕಿವಿಗೊಡಲಿಲ್ಲ. 1907ರಲ್ಲಿ ನ್ಯೂಯಾರ್ಕಿನ ರೂಬೆನ್ ಆಟೆನ್‌ಬರ್ಗ್ ಅವರು ರಕ್ತ ಕೊಡುವ ಮುನ್ನ ಹೊಂದಾಣಿಕೆಯನ್ನು ಪರೀಕ್ಷಿಸುವ ಕ್ರಮವನ್ನು ಆಚರಣೆಗೆ ತಂದರು. ಅದು ಎಲ್ಲೆಡೆ ರೂಢಿಯಾಗಲು ಮತ್ತೂ ವರ್ಷಗಳೇ ಹಿಡಿದವು. ಲ್ಯಾಂಡ್‌ಸ್ಟೈನರ್ ಅವರು ಬೇಸರಗೊಳ್ಳದೆ ತಮ್ಮ ಕೆಲಸವನ್ನು ಮುಂದುವರಿಸಿದರು. 1908ರಲ್ಲಿ ಎರ್ವಿನ್ ಪಾಪರ್ ಅವರೊಡಗೂಡಿ ಪೋಲಿಯೊ ರೋಗವನ್ನು ಕೋತಿಗಳಿಗೆ ಹರಡಿಸಿ, ಅದು ಸಾಂಕ್ರಾಮಿಕವೆಂಬುದನ್ನು ಸಿದ್ಧಪಡಿಸಿದರು.

ಮೊದಲ ಮಹಾಯುದ್ಧದ ತರುವಾಯ ವಿಯೆನ್ನಾದಲ್ಲಿ ಅನ್ನಕ್ಕೂ ಇಂಧನಕ್ಕೂ ಬರ ಬಂದಿತು. ಐವತ್ತು ದಾಟಿದ ಲ್ಯಾಂಡ್‌ಸ್ಟೈನರ್ ಅವರು 1919ರಲ್ಲಿ ಹೆಂಡತಿ ಮಗನೊಡನೆ ತಾಯ್ನಾಡನ್ನು ಬಿಟ್ಟು ಹಾಲೆಂಡಿನ ಹೇಗ್ ನಗರವನ್ನು ಸೇರಿ, ಒಂದು ಚಿಕ್ಕ ಆಸ್ಪತ್ರೆಯಲ್ಲಿ ದುಡಿದರು. ಮುಂದೆ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯು ಅವರನ್ನು ಕರೆಸಿಕೊಂಡಿತು. 1930ರಲ್ಲಿ, ಶೋಧ ನಡೆದು ಮೂರು ದಶಕಗಳು ತುಂಬುತ್ತಿದ್ದಾಗ, ನೊಬೆಲ್ ಪಾರಿತೋಷಕವು ಅವರನ್ನು ಅರಸಿ ಬಂದಿತು.

ಗೌರವ ಬಂದ ಮೇಲೂ ಅವರು ವಿಶ್ರಾಂತಿ ಬಯಸಲಿಲ್ಲ. 1940ರಲ್ಲಿ ಅಲೆಕ್ಸಾಂಡರ್ ವೀನರ್ ಅವರೊಡನೆ ಆರ್‌ಎಚ್ ಎಂಬ ಇನ್ನೊಂದು ಅಂಶವನ್ನು ಬೆಳಕಿಗೆ ತಂದರು. ಗುಂಪು ಹೊಂದಿದರೂ ಕೆಲವೊಮ್ಮೆ ಅನಾಹುತವಾಗುತ್ತಿದ್ದುದೇಕೆ, ಕೆಲವು ತಾಯಂದಿರ ಎರಡನೆಯ ಮೂರನೆಯ ಮಕ್ಕಳು ಗರ್ಭದಲ್ಲಿಯೇ ಕುಂದುತ್ತಿದ್ದುದೇಕೆ ಎಂಬುದನ್ನು ತಿಳಿಯಲು ಇದರಿಂದ ದಾರಿಯಾಯಿತು. 1943ರ ಜೂನ್ 24ರಂದು ಪ್ರಯೋಗಶಾಲೆಯಲ್ಲಿ ಕೆಲಸದಲ್ಲಿದ್ದಾಗಲೇ ಹೃದಯಾಘಾತಕ್ಕೊಳಗಾಗಿ, ಎರಡು ದಿನಗಳ ಬಳಿಕ ಇಹಲೋಕವನ್ನು ತ್ಯಜಿಸಿದರು.

ಅವರು ನೆಟ್ಟ ಬೀಜವು ಇಂದು ಹೆಮ್ಮರವಾಗಿದೆ. 1952ರಲ್ಲಿ ಮುಂಬಯಿಯ ಡಾ. ಭೇಂಡೆ ಮತ್ತು ಸಂಗಡಿಗರು ಓ ಗುಂಪಿನ ರಕ್ತವೂ ಹೊಂದದ ಅಪರೂಪದ ಬಗೆಯೊಂದನ್ನು ವರದಿ ಮಾಡಿದರು. ಅದು ಬಾಂಬೆ ಗುಂಪೆಂದು ಲೋಕಪ್ರಸಿದ್ಧವಾಗಿದೆ. 1990ರಲ್ಲಿ ಎ, ಬಿ, ಓ ಗುಂಪುಗಳನ್ನು ನಿರ್ಣಯಿಸುವ ವಂಶವಾಹಿಯ ರಚನೆಯೂ ತಿಳಿದುಬಂದಿತು. ಥಲಸ್ಸೀಮಿಯಾ ರೋಗಪೀಡಿತರಾಗಿ ಮತ್ತೆ ಮತ್ತೆ ರಕ್ತ ಪಡೆಯುವ ಮಕ್ಕಳ ದೇಹದಲ್ಲಿ ದಾನಿಗಳ ಕಣಗಳೂ ಬೆರೆತಿರುವುದರಿಂದ ಹಳೆಯ ಪರೀಕ್ಷೆ ಗೊಂದಲಕ್ಕೀಡಾಗಬಹುದು. ಆಗ ವಂಶವಾಹಿಯ ಪರೀಕ್ಷೆಯು ಮಗುವಿನ ನಿಜವಾದ ಗುಂಪನ್ನು ತಿಳಿಸುತ್ತದೆ. ಆದರೂ ರೋಗಿಯ ರಕ್ತದೊಡನೆ ದಾನಿಯ ರಕ್ತವನ್ನು ಹೊಂದಿಸಿ ನೋಡುವ ಎಚ್ಚರಿಕೆಯನ್ನು ವೈದ್ಯರು ಕೈಬಿಟ್ಟಿಲ್ಲ.

ಲ್ಯಾಂಡ್‌ಸ್ಟೈನರ್ ಅವರ ಜನ್ಮದಿನವಾದ ಜೂನ್ 14ನ್ನು 2004ರಿಂದ ವಿಶ್ವ ರಕ್ತದಾನಿಗಳ ದಿನವಾಗಿ ಆಚರಿಸಲಾಗುತ್ತಿದೆ. ಅವರು ತೋರಿದ ಪಾತ್ರತೆಯು ಕುಲವನ್ನು ನೋಡದು, ಸಿರಿತನವನ್ನು ಕೇಳದು. ಒಡಹುಟ್ಟಿದವರ ರಕ್ತ ಒಲ್ಲದೆಡೆ ಹೆಸರೂ ಅರಿಯದ ಪರದೇಶಿಯ ರಕ್ತ ಒಗ್ಗೀತು. ಕೊಡುವ ಮನಸ್ಸಿನ ಜೊತೆಗೆ ಅರಿಯುವ ಬುದ್ಧಿಯೂ ಕೂಡಿದಾಗಲೇ ದಾನವು ಜೀವದಾನವಾಗುತ್ತದೆ. ಆ ಬುದ್ಧಿಯನ್ನು ಎಳೆಯರಲ್ಲಿ ಬೆಳೆಸುವುದು ವಿದ್ಯಾಲಯಗಳ ಹೊಣೆ.