ಡಾಕ್ಟರ್ ಕೋಲ್ಮನ್

ಆಷಾಢದ ಜಡಿಮಳೆಯಲ್ಲಿ ಕಳಸದ ಕಡೆಯ ಅಡಿಕೆ ತೋಟವನ್ನು ಹೊಕ್ಕವರಿಗೆ ಕೊಳೆರೋಗವೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಬಲಿಯದ ಕಾಯಿಗಳು ಕಪ್ಪಿಟ್ಟು, ಮೈಮೇಲೆ ಬಿಳಿಯ ಬೂಷ್ಟನ್ನು ಹೊದ್ದು, ಮರದ ಬುಡದಲ್ಲಿ ಉದುರಿ ಬಿದ್ದಿರುತ್ತವೆ. ವರ್ಷದ ಅನ್ನವನ್ನು ಅಡಿಕೆಯಲ್ಲೇ ಕಾಣುವ ಮನೆಗೆ ಇದೆಂಥ ಪೆಟ್ಟೆಂಬುದನ್ನು ಮಲೆನಾಡಿನ ಮಕ್ಕಳು ಬಲ್ಲರು. ಹಿಂದಿನವರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುತ್ತಿದ್ದರು. ಅದು ಬಹು ಶ್ರಮದ ಕೆಲಸ. ರೋಗದ ಮೂಲವಂತೂ ತಿಳಿದಿರಲಿಲ್ಲ.

ಆ ಮೂಲವನ್ನು ಅರಸಿದವರು ಲೆಸ್ಲಿ ಕೋಲ್ಮನ್. ಕೆನಡಾ ದೇಶದ ಒಂಟಾರಿಯೋ ಪ್ರಾಂತದಲ್ಲಿ 1878ರಲ್ಲಿ ಜನಿಸಿದ ಅವರು ಟೊರಾಂಟೋದಲ್ಲಿಯೂ ಜರ್ಮನಿಯ ಗಟಿಂಗೆನ್‌ನಲ್ಲಿಯೂ ವ್ಯಾಸಂಗ ಮಾಡಿ, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಬೆಳೆಗೆ ತಗಲುವ ಕೀಟಗಳನ್ನೂ ಶಿಲೀಂಧ್ರಗಳನ್ನೂ ಪರೀಕ್ಷಿಸುವುದು ಅವರ ಹುದ್ದೆಯ ಕೆಲಸ. ಬೂಷ್ಟು ನೋಡುವುದಕ್ಕೂ ಸಂಬಳವುಂಟೇ ಎಂದು ಆಗ ನಕ್ಕವರೂ ಇದ್ದಿರಬಹುದು!

ಕೊಳೆರೋಗಕ್ಕೆ ಕಾರಣ ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ಒಂದು ಶಿಲೀಂಧ್ರವೆಂಬುದನ್ನು ಅವರು 1910ರಲ್ಲಿ ಪ್ರಕಟಿಸಿದರು. ಪರಿಹಾರವಾಗಿ ಬೋರ್ಡೋ ದ್ರಾವಣವನ್ನು ಆರಿಸಿದರು. ಇದು ಅವರು ಕಂಡುಹಿಡಿದದ್ದಲ್ಲ. ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ 1880ರ ದಶಕದಲ್ಲಿ ಬಳಕೆಗೆ ಬಂದದ್ದು. ಮೈಲುತುತ್ತವನ್ನೂ ಸುಣ್ಣವನ್ನೂ ಬೇರೆ ಬೇರೆಯಾಗಿ ನೀರಿನಲ್ಲಿ ಕರಗಿಸಿ, ಬಳಿಕ ಕೂಡಿಸಬೇಕು. ಕಬ್ಬಿಣದ ಪಾತ್ರೆ ಸಲ್ಲದು. ಹದವಾಯಿತೇ ಎಂದು ತಿಳಿಯಲು ಹೊಳೆಯುವ ಚಾಕುವನ್ನು ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೇಕು. ಮಳೆ ಹಿಡಿಯುವ ಮೊದಲೇ ಇದನ್ನು ಗೊನೆಗಳಿಗೆ ಸಿಂಪಡಿಸಿದರೆ ಶಿಲೀಂಧ್ರ ಮೊಳೆಯಲಾರದು. ರೋಗ ಬಂದ ಮೇಲೆ ಓಡಾಡುವುದಕ್ಕಿಂತ ಮುನ್ನವೇ ತಡೆಯುವ ಈ ಕ್ರಮ ತೋಟಗಾರರಿಗೆ ಹೊಸದು. ಮರ ಹತ್ತಿ ಗೊನೆ ಕೊಯ್ಯುತ್ತಿದ್ದವನ ಕೈಗೆ ಹೀಗೆ ಪಿಚಕಾರಿಯ ಕೊಳವೆಯೂ ಬಂದಿತು.

1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ ತೆರೆಯಿತು. ಪ್ರಯೋಗಾಲಯದ ತಿಳಿವಳಿಕೆಯನ್ನು ಹೊಲಕ್ಕೆ ಒಯ್ಯುವ ಕಸುಬುದಾರರಿಲ್ಲದಿದ್ದರೆ ಅದು ಪುಸ್ತಕದಲ್ಲೇ ಉಳಿಯುತ್ತದೆಂಬುದನ್ನು ಕೋಲ್ಮನ್ ಅರಿತಿದ್ದರು. ನನ್ನ ಎಣಿಕೆಯಲ್ಲಿ ಕೊಳೆರೋಗದ ಔಷಧಿಗಿಂತಲೂ ಇದೇ ಅವರ ಹಿರಿಯ ಕೆಲಸ. ಅವರೊಡನೆ ದುಡಿದ ಕುಂಞಿ ಕಣ್ಣನ್ ಕೀಟಶಾಸ್ತ್ರದಲ್ಲಿ ಹೆಸರಾದರು. ಶಾಲೆಯು 1946ರಲ್ಲಿ ಕಾಲೇಜಾಯಿತು. ಮಂಡ್ಯದ ಸಕ್ಕರೆ ಕಾರ್ಖಾನೆಯ ಸ್ಥಾಪನೆಯಲ್ಲಿಯೂ ಕೋಲ್ಮನ್ನರ ಪಾತ್ರವಿತ್ತು.

ಕಾಫಿಯ ಬೆಳೆಗಾರರಿಗೂ ಭಯವಿತ್ತು. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಎಲೆ ತುಕ್ಕುರೋಗವು ಅಲ್ಲಿಯ ಕಾಫಿಯನ್ನು ಮುಂದೆ ನಿರ್ನಾಮ ಮಾಡಿತ್ತು. ಅದೇ ರೋಗ ನಮ್ಮ ಗಿಡಗಳನ್ನೂ ಕಾಡುತ್ತಿತ್ತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರವು ಆರಂಭವಾಯಿತು. ಅದರ ಹಿಂದೆ ಕೋಲ್ಮನ್ನರ ಶ್ರಮವಿತ್ತು. ಇಂದು ಅದು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ತಳಿ ಬೆರೆಸುವವರು, ಮಣ್ಣು ಪರೀಕ್ಷಿಸುವವರು, ಕಾಂಡಕೊರಕದ ಬೆನ್ನು ಹತ್ತಿದವರು ಅಲ್ಲಿ ಕೆಲಸ ಮಾಡುತ್ತಾರೆ. ಮೂಡಿಗೆರೆಯ ಶಾಲೆಗಳಲ್ಲಿ ಓದುವ ಹುಡುಗ ಹುಡುಗಿಯರಿಗೆ ಈ ಉದ್ಯೋಗಗಳು ದೂರದವಲ್ಲ.

ಕೋಲ್ಮನ್ 1934ರಲ್ಲಿ ಸಂಸ್ಥಾನದ ಸೇವೆಯಿಂದ ನಿವೃತ್ತರಾಗಿ ತಾಯ್ನಾಡಿಗೆ ಮರಳಿದರು, 1954ರಲ್ಲಿ ತೀರಿಕೊಂಡರು. ಈಗ ಕೆಲವು ತೋಟಗಳಲ್ಲಿ ಮರ ಹತ್ತುವ ಬದಲು ಕಾರ್ಬನ್ ಫೈಬರಿನ ಹಗುರ ದೋಟಿಯನ್ನು ಹಿಡಿದು, ನೆಲದಲ್ಲೇ ನಿಂತು ಔಷಧಿ ಹೊಡೆಯುತ್ತಾರೆ. ದೋಟಿಯ ತುದಿಯಿಂದ ಚಿಮ್ಮುವುದು ಮಾತ್ರ ಅದೇ ಮೈಲುತುತ್ತ, ಅದೇ ಸುಣ್ಣ.