ನೀರ್ ಸಾಬ್: ಅಧಿಕಾರವನ್ನು ಹಳ್ಳಿಗೆ ಹಂಚಿದ ಅಬ್ದುಲ್ ನಜೀರ್ ಸಾಬ್



ವಿಜಯನಗರ, ರಾಜಾಜಿನಗರ, ಬಸವೇಶ್ವರನಗರದ ಮನೆಗಳಲ್ಲಿ ನಲ್ಲಿ ತಿರುಗಿಸಿದರೆ ಕಾವೇರಿ ನೀರು ಬರುತ್ತದೆ. ಎರಡು ದಿನ ಬಾರದಿದ್ದರೆ ಇಡೀ ಬೀದಿಗೆ ಚಿಂತೆ ಹತ್ತುತ್ತದೆ. 2024ರ ಬೇಸಿಗೆಯಲ್ಲಿ ನಗರದ ಸಾವಿರಾರು ಕೊಳವೆ ಬಾವಿಗಳು ಬತ್ತಿದಾಗ ಕೊಡ ಹಿಡಿದು ಸಾಲಿನಲ್ಲಿ ನಿಲ್ಲುವುದು ಎಂದರೇನು ಎಂಬುದು ಬೆಂಗಳೂರಿನವರಿಗೂ ಗೊತ್ತಾಯಿತು. ಕರ್ನಾಟಕದ ಹಳ್ಳಿಗಳ ತಾಯಂದಿರಿಗೆ ಇದು ಒಂದು ಬೇಸಿಗೆಯ ಮಾತಾಗಿರಲಿಲ್ಲ, ಜೀವಮಾನದ ಪಾಡಾಗಿತ್ತು. ಆ ಪಾಡನ್ನು ತನ್ನ ಪಾಡೆಂದು ತಿಳಿದ ಒಬ್ಬ ಜನಪ್ರತಿನಿಧಿಯ ಬಾಳನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ಅವರೇ ಮರ್ಹೂಮ್ ಅಬ್ದುಲ್ ನಜೀರ್ ಸಾಬ್. ಜನ ಪ್ರೀತಿಯಿಂದ ಕರೆದದ್ದು ನೀರ್ ಸಾಬ್ ಎಂದು.

ನಜೀರ್ ಸಾಬರು ಗುಂಡ್ಲುಪೇಟೆಯವರು. ಬಂಡೀಪುರದ ಕಾಡಿಗೆ ತಾಗಿಕೊಂಡಿದ್ದರೂ ಇದು ಮಳೆಯನ್ನೇ ನಂಬಿ ಬದುಕುವ ತಾಲ್ಲೂಕು. ಅವರ ಕಾಲದಲ್ಲಿ ಮೈಸೂರು ಜಿಲ್ಲೆಯಲ್ಲಿತ್ತು, 1997ರಲ್ಲಿ ಚಾಮರಾಜನಗರ ಜಿಲ್ಲೆಗೆ ಸೇರಿತು. ವಿಧಾನಸೌಧದಿಂದ ಅಲ್ಲಿಗೆ ಸುಮಾರು 200 ಕಿಲೋಮೀಟರ್. ಮೈಸೂರು ರಸ್ತೆ ಹಿಡಿದು ನಮ್ಮ ಕೆಂಗೇರಿ ದಾಟಿ, ಮೈಸೂರು, ನಂಜನಗೂಡು ಹಾದು ಹೋಗಬೇಕು. ಒಂದು ತುದಿಯಲ್ಲಿ ಕಡತ, ಕಾನೂನು, ಸದನ. ಇನ್ನೊಂದು ತುದಿಯಲ್ಲಿ ಬತ್ತಿದ ಬಾವಿ. ಈ ಎರಡನ್ನೂ ಜೋಡಿಸುವುದೇ ಶಾಸಕನಾದವನ ಕೆಲಸ.

ಶಾಸಕರ ಕೆಲಸವೇನು ಎಂದು ತರಗತಿಯಲ್ಲಿ ಕೇಳಿದರೆ ಕಾನೂನು ಮಾಡುವುದು ಎಂದು ಮಕ್ಕಳು ಪುಸ್ತಕದ ಉತ್ತರ ಕೊಡುತ್ತಾರೆ. ಅದೇ ಪ್ರಶ್ನೆಯನ್ನು ಮನೆಯ ಹಿರಿಯರಿಗೆ ಕೇಳಿ ನೋಡಿ. ರೇಷನ್ ಕಾರ್ಡು, ವರ್ಗಾವಣೆ, ಸೈಟು, ಆಸ್ಪತ್ರೆಗೊಂದು ಶಿಫಾರಸು ಪತ್ರ ಎನ್ನುತ್ತಾರೆ. ಎರಡೂ ನಿಜ. ಶಾಸಕರ ವಾರದ ಕೆಲವು ದಿನಗಳು ರಾಜಧಾನಿಯಲ್ಲಿ ಕಳೆಯುತ್ತವೆ, ಉಳಿದ ದಿನಗಳು ಊರಿನಲ್ಲಿ. ಊರಿನಲ್ಲಿದ್ದರೆ ಮನೆಬಾಗಿಲಲ್ಲಿ ಅರ್ಜಿ ಹಿಡಿದವರ ಗುಂಪು, ರಾಜಧಾನಿಗೆ ಬಂದರೆ ಶಾಸಕರ ಭವನದ ಮುಂದೆ ಅದೇ ಗುಂಪು. ಹಳ್ಳಿಯ ಬಡವನೊಬ್ಬ ಒಂದು ಕೈಪಂಪಿಗಾಗಿ ಸಾಲ ಮಾಡಿ ಬಸ್ಸು ಹತ್ತಿ ಬೆಂಗಳೂರಿಗೆ ಏಕೆ ಬರಬೇಕು? ನಜೀರ್ ಸಾಬರು ಅಧಿಕಾರದಲ್ಲಿ ಮಾಡಿದ ಕೆಲಸವೆಲ್ಲ ಈ ಒಂದು ಪ್ರಶ್ನೆಗೆ ಉತ್ತರದಂತಿದೆ.

1983ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದಿತು. ಅದರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ನಜೀರ್ ಸಾಬರ ಪಾಲಿಗೆ ಬಂತು. ಆ ಕಾಲಕ್ಕೆ ಅದು ದೊಡ್ಡ ಖಾತೆಯೆಂದು ಯಾರೂ ಹೇಳುತ್ತಿರಲಿಲ್ಲ. ರಾಜ್ಯಕ್ಕೆ ಬರಗಾಲ ಬೇರೆ. ಕೆರೆಗಳು ಒಣಗಿದ್ದವು, ತೆರೆದ ಬಾವಿಗಳ ತಳ ಕಾಣುತ್ತಿತ್ತು. ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಜನ ಮೆಟ್ಟಿಲು ಬಾವಿಗೆ ಇಳಿದು, ಅದೇ ನೀರಿನಲ್ಲಿ ಕಾಲಿಟ್ಟು, ಅದನ್ನೇ ತುಂಬಿಕೊಂಡು ಬಂದು ಕುಡಿಯುತ್ತಿದ್ದರು. ಇದರಿಂದ ನಾರು ಹುಣ್ಣು ಎಂಬ ಭಯಂಕರ ರೋಗ ಹರಡುತ್ತಿತ್ತು.

ಇದಕ್ಕೆ ಪರಿಹಾರವಾಗಿ ಹಳ್ಳಿ ಹಳ್ಳಿಗೂ ಕೊಳವೆ ಬಾವಿ ಕೊರೆಸಿ ಕೈಪಂಪು ಕೂರಿಸುವ ಕೆಲಸವನ್ನು ಅವರು ಯುದ್ಧೋಪಾದಿಯಲ್ಲಿ ನಡೆಸಿದರು. ಕೈಪಂಪು ನೋಡಲು ಸಣ್ಣ ವಸ್ತು. ಆದರೆ 250 ಜನರಿಗೆ ಒಂದರಂತೆ ಅದು ಊರಿಗೆ ಬಂದಾಗ ಆಗುವ ಬದಲಾವಣೆ ಸಣ್ಣದಲ್ಲ. ಮುಚ್ಚಿದ ಕೊಳವೆಯಿಂದ ಬರುವ ನೀರಿಗೆ ಯಾರ ಕಾಲೂ ತಾಗುವುದಿಲ್ಲ. ಮೈಲಿಗಟ್ಟಲೆ ನಡೆಯುತ್ತಿದ್ದ ಹೆಣ್ಣುಮಗಳಿಗೆ ಹೊತ್ತು ಉಳಿಯುತ್ತದೆ, ಆ ಹೊತ್ತಿನಲ್ಲಿ ಅವಳು ಶಾಲೆಗೆ ಹೋಗಬಹುದು. ಬಾವಿಗೆ ಯಾರು ಇಳಿಯಬೇಕು, ಯಾರು ದೂರ ನಿಲ್ಲಬೇಕು ಎಂದು ಜಾತಿ ನೋಡುತ್ತಿದ್ದ ಊರುಗಳಲ್ಲಿ ದಲಿತರ ಕೇರಿಗೂ ಒಂದು ಪಂಪು ಬಂದರೆ ಅದರ ಬೆಲೆ ಎಷ್ಟೆಂದು ನೀವೇ ಯೋಚಿಸಿ. ನೀರ್ ಸಾಬ್ ಎಂಬ ಬಿರುದನ್ನು ಯಾವ ವಿಶ್ವವಿದ್ಯಾನಿಲಯವೂ ಕೊಟ್ಟದ್ದಲ್ಲ. ಕೊಟ್ಟವರು ಎಲ್ಲ ಜಾತಿ ಮತಗಳ ಹಳ್ಳಿಗರು.

ಇಷ್ಟೇ ಮಾಡಿದ್ದರೂ ಅವರ ಹೆಸರು ಉಳಿಯುತ್ತಿತ್ತು. ಆದರೆ ಪಂಪು ಕೆಟ್ಟಾಗ ಏನು ಮಾಡುವುದು? ಅದನ್ನು ಸರಿಪಡಿಸಲು ಮತ್ತೆ ಬೆಂಗಳೂರಿನ ಅಪ್ಪಣೆಯೇ ಬೇಕಾದರೆ ಊರಿಗೆ ನೀರು ಬಂದೂ ಬಾರದಂತೆ. ಹೀಗಾಗಿ ಅವರ ಎರಡನೆಯ ಕೆಲಸ ಮೊದಲನೆಯದಕ್ಕಿಂತ ದೊಡ್ಡದು. ಅದುವರೆಗೆ 1959ರ ಕಾಯಿದೆಯಂತೆ ಜಿಲ್ಲಾ ಮಟ್ಟದಲ್ಲಿದ್ದ ಅಭಿವೃದ್ಧಿ ಪರಿಷತ್ತಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು, ಅದರ ಕೆಲಸ ಸಲಹೆ ಕೊಡುವುದಷ್ಟೇ. 1978ರಲ್ಲಿ ಅಶೋಕ್ ಮೆಹ್ತಾ ಸಮಿತಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳನ್ನು ಬಲಪಡಿಸಬೇಕೆಂದು ಶಿಫಾರಸು ಮಾಡಿತ್ತು. ಆ ದಾರಿಯಲ್ಲಿ 1983ರಲ್ಲಿ ಹೊಸ ಮಸೂದೆ ಸಿದ್ಧವಾಯಿತು. ರಾಷ್ಟ್ರಪತಿಗಳ ಅಂಕಿತ ಸಿಕ್ಕಿದ್ದು 1985ರಲ್ಲಿ, ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಒಂದು ಒಳ್ಳೆಯ ಕಾನೂನಿಗೆ ಎಷ್ಟು ತಾಳ್ಮೆ ಬೇಕೆಂಬುದನ್ನು ಈ ಇಸವಿಗಳೇ ಹೇಳುತ್ತವೆ.

ಈ ಕಾಯಿದೆಯಲ್ಲಿ ಏನಿತ್ತು? ಜನರಿಂದ ಆರಿಸಿ ಬಂದ ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿಯಾಗಿ ಜಿಲ್ಲಾಧಿಕಾರಿಗಿಂತ ಹಿರಿಯರಾದ ಐ.ಎ.ಎಸ್. ಅಧಿಕಾರಿ. ಶಾಲೆ, ಆರೋಗ್ಯ, ಕುಡಿಯುವ ನೀರು ಮುಂತಾದ ಇಲಾಖೆಗಳು ಹಣ ಮತ್ತು ಸಿಬ್ಬಂದಿ ಸಮೇತ ಜಿಲ್ಲೆಯ ಕೈಗೆ. ಲೆಕ್ಕ ಕೇಳಲು ಗ್ರಾಮಸಭೆ. ಎಲ್ಲಕ್ಕಿಂತ ಮಿಗಿಲಾಗಿ ಮಹಿಳೆಯರಿಗೆ ಶೇ. 25ರಷ್ಟು ಸ್ಥಾನ ಮೀಸಲು. ಆ ಚುನಾವಣೆಯಲ್ಲಿ 50,000ಕ್ಕೂ ಹೆಚ್ಚು ಜನಪ್ರತಿನಿಧಿಗಳು ಆರಿಸಿ ಬಂದರು. ಅಡಿಗೆಮನೆಯ ಹೊಸ್ತಿಲು ದಾಟದ ಸಾವಿರಾರು ಹೆಣ್ಣುಮಕ್ಕಳು ಮೊದಲ ಬಾರಿಗೆ ಸಭೆಯ ಕುರ್ಚಿಯಲ್ಲಿ ಕುಳಿತರು. ಶಾಲೆಗೆ ಮೇಷ್ಟರು, ಆಸ್ಪತ್ರೆಗೆ ವೈದ್ಯರು ಸರಿಯಾಗಿ ಬರತೊಡಗಿದರೆಂದು ಆಗ ನಡೆದ ಪರಿಶೀಲನೆಗಳು ತಿಳಿಸಿದವು. ವಿಚಾರಿಸುವವರು ಪಕ್ಕದ ಬೀದಿಯಲ್ಲೇ ಇದ್ದಾಗ ನಮ್ಮಂಥ ಶಿಕ್ಷಕರಿಗೂ ಗಡಿಯಾರ ನೆನಪಾಗುತ್ತದೆ!

ಓದುಗರೇ, ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಅಧಿಕಾರ ಪಡೆಯಲು ಹೋರಾಡಿದವರು ಬಹಳ. ಕೈಗೆ ಬಂದ ಅಧಿಕಾರವನ್ನು ಹಂಚಲು ಹೋರಾಡಿದವರು ಎಷ್ಟು ಮಂದಿ? ಜಿಲ್ಲೆಗೆ ಅಧಿಕಾರ ಹೋದರೆ ಶಾಸಕರ ಮನೆಬಾಗಿಲ ಗುಂಪು ಕರಗುತ್ತದೆ, ಮಂತ್ರಿಗಳ ಸಹಿಗೆ ಬೆಲೆ ಕಡಿಮೆಯಾಗುತ್ತದೆ. ಹೀಗಾಗಿ ಸ್ವಂತ ಪಕ್ಷದ ಶಾಸಕರಲ್ಲೇ ಅಸಮಾಧಾನವಿತ್ತು. ಚುನಾವಣೆಯಲ್ಲಿ ಹಲವು ಜಿಲ್ಲೆಗಳು ವಿರೋಧ ಪಕ್ಷದ ಕೈಗೂ ಹೋದವು. ಆದರೂ ಕಾಯಿದೆ ಹಿಂದಕ್ಕೆ ಸರಿಯಲಿಲ್ಲ. ಜಿಲ್ಲೆ ಯಾರ ಕೈಯಲ್ಲಿದೆ ಎನ್ನುವುದಕ್ಕಿಂತ ಜನರ ಕೈಯಲ್ಲಿದೆ ಎನ್ನುವುದೇ ಅದರ ತಿರುಳಾಗಿತ್ತು.

ನಜೀರ್ ಸಾಬರಿಗೆ ಈ ಮರ ಫಲ ಕೊಡುವುದನ್ನು ಬಹುಕಾಲ ನೋಡುವ ಭಾಗ್ಯವಿರಲಿಲ್ಲ. ಕ್ಯಾನ್ಸರ್ ಅವರನ್ನು ಹಾಸಿಗೆಗೆ ತಳ್ಳಿತು. ಆಸ್ಪತ್ರೆಯಲ್ಲಿ ನೋಡಲು ಬಂದ ಗಣ್ಯರ ಬಳಿಯೂ ಅವರು ತಮ್ಮ ಸಲುವಾಗಿ ಏನನ್ನೂ ಕೇಳದೆ ಬಡವರ ಮನೆಗಳ ಯೋಜನೆಯ ಮಾತೆತ್ತಿದರೆಂದು ಜನ ಇಂದಿಗೂ ಹೇಳುತ್ತಾರೆ. 1988ರಲ್ಲಿ ಅವರು ತೀರಿಕೊಂಡರು. 1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದು ದೇಶಕ್ಕೆಲ್ಲ ಪಂಚಾಯತ್ ರಾಜ್ ಕಡ್ಡಾಯವಾದಾಗ, ಅದಕ್ಕೆ ಮೊದಲೇ ದಾರಿ ತೋರಿದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಮೈಸೂರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಅವರ ಹೆಸರನ್ನೇ ಇಡಲಾಗಿದೆ. ಪಂಚಾಯಿತಿ ಸದಸ್ಯರು ತರಬೇತಿ ಪಡೆಯುವುದು ಅಲ್ಲಿಯೇ.

ಆದರೆ ಹೆಸರು ಉಳಿಸಿದರೆ ಸಾಕೇ? ಅವರು ಕೊರೆಸಿದ ಕಾಲದ ಕೊಳವೆ ಬಾವಿಗಳಲ್ಲಿ ಎಷ್ಟೋ ಬತ್ತಿವೆ. ನೆಲದಿಂದ ತೆಗೆದಷ್ಟು ನೀರನ್ನು ನೆಲಕ್ಕೆ ಮರಳಿಸದೆ ಇನ್ನೂ ಆಳಕ್ಕೆ ಹೋದ ಕಡೆ ಫ್ಲೋರೈಡ್ ಮೇಲೆ ಬಂದಿದೆ. ಪಂಚಾಯಿತಿಯ ಕಥೆಯೂ ಹೀಗೆಯೇ. 1987ರಲ್ಲಿ ಆರಿಸಿ ಬಂದವರ ಅವಧಿ 1992ರಲ್ಲಿ ಮುಗಿದಾಗ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ಕೂರಿಸಲಾಯಿತು. 2021ರಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದ ಮೇಲೂ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಹಳ್ಳಿಯ ಮಾತು ಬಿಡಿ, ಬೆಂಗಳೂರಿನ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ನಂತರ ನಮ್ಮ ವಾರ್ಡುಗಳೂ ವರ್ಷಗಳ ಕಾಲ ಕಾರ್ಪೊರೇಟರ್ ಇಲ್ಲದೆ ಕಳೆದವು. ಚರಂಡಿ ಕಟ್ಟಿದರೆ ಯಾರನ್ನು ಕೇಳುವುದೆಂದು ತಿಳಿಯದೆ ಶಾಸಕರ ಕಚೇರಿಗೆ ಅಲೆದವರು ನಿಮ್ಮಲ್ಲಿ ಎಷ್ಟು ಮಂದಿ ಇಲ್ಲ?

ಆ ಅಲೆದಾಟ ತಪ್ಪಬೇಕೆಂಬುದೇ ನಜೀರ್ ಸಾಬರ ಜೀವನದ ಪ್ರಯತ್ನವಾಗಿತ್ತು. ಅವರನ್ನು ನೆನೆಯಲು ದೊಡ್ಡ ಸಭೆ ಬೇಕಿಲ್ಲ. ನಿಮ್ಮ ಊರಿನಲ್ಲಿ ಗ್ರಾಮಸಭೆ ಕರೆದಾಗ ಹೋಗಿ ಕುಳಿತು ಲೆಕ್ಕ ಕೇಳಿ. ಚುನಾವಣೆ ಮುಂದಕ್ಕೆ ಹೋದರೆ ಏಕೆಂದು ಕೇಳಿ. ಹೆಣ್ಣುಮಕ್ಕಳು ಸ್ಪರ್ಧಿಸಿದರೆ ಅವರ ಜೊತೆ ನಿಲ್ಲಿ, ಅವರ ಬದಲಿಗೆ ಗಂಡನೋ ಅಣ್ಣನೋ ಕುರ್ಚಿಯಲ್ಲಿ ಕೂರದಂತೆ ನೋಡಿಕೊಳ್ಳಿ. ಮನೆಯ ಚಾವಣಿಯ ಮಳೆನೀರನ್ನು ನೆಲಕ್ಕೆ ಇಂಗಿಸಿ. ಇಷ್ಟು ಮಾಡಿದರೆ ನೀರ್ ಸಾಬರ ಋಣದಲ್ಲಿ ಸ್ವಲ್ಪವನ್ನಾದರೂ ತೀರಿಸಿದಂತಾಗುತ್ತದೆ.