ಡಾಕ್ಟರ್ ಮರಿಯಾ ಮಾಂಟೆಸೊರಿ

ನಮ್ಮ ಶಿಶುವರ್ಗದಲ್ಲಿ ಚಿಕ್ಕ ಮಕ್ಕಳು ಮರದ ಗುಂಡುಗಳನ್ನು ಅವುಗಳಿಗೆ ತಕ್ಕ ಗುಳಿಗಳಲ್ಲಿ ಇಡುತ್ತ ಕುಳಿತಿರುವುದನ್ನು ಕಂಡ ತಾಯಂದಿರು, ಇದು ಆಟವೋ ಪಾಠವೋ ಎಂದು ನಮ್ಮನ್ನು ಕೇಳುವುದುಂಟು. ಈ ಸಾಧನಗಳು ಐಶ್ವರ್ಯವಂತರ ಶಾಲೆಯಲ್ಲಿ ಹುಟ್ಟಿದವುಗಳಲ್ಲ. ಲೋಕವು ಕೈಬಿಟ್ಟಿದ್ದ ಬುದ್ಧಿಮಾಂದ್ಯದ ಮಕ್ಕಳಿಂದಲೇ ನಮಗೆ ದೊರೆತವು. ಅವುಗಳನ್ನು ನಮಗೆ ತಂದುಕೊಟ್ಟ ಮಹನೀಯಳ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವೆವು.

ಮರಿಯಾ ಮಾಂಟೆಸೊರಿಯವರು 1870ನೆಯ ಇಸವಿ ಆಗಸ್ಟ್ 31ರಲ್ಲಿ ಇಟಲಿ ದೇಶದ ಕ್ಯಾರಾವಲ್ಲೆ ಎಂಬ ಊರಲ್ಲಿ ಜನಿಸಿದರು. ಹೆಣ್ಣುಮಗಳು ವೈದ್ಯಶಾಸ್ತ್ರವನ್ನು ಓದುವುದು ತಂದೆಗೆ ಸಮ್ಮತವಾಗಿರಲಿಲ್ಲ. ತಾಯಿ ರೆನಿಲ್ಡೆಯವರು ಮಾತ್ರ ಮಗಳ ಬೆನ್ನಿಗೆ ನಿಂತರು. 1896ರಲ್ಲಿ ಆಕೆಯು ರೋಮ್ ವಿಶ್ವವಿದ್ಯಾನಿಲಯದಿಂದ ವೈದ್ಯ ಪದವಿಯನ್ನು ಪಡೆದರು.

ಆ ಕಾಲದಲ್ಲಿ ಬುದ್ಧಿ ಬೆಳೆಯದ ಮಕ್ಕಳನ್ನು ಹುಚ್ಚರೊಂದಿಗೆ ಆಸ್ಪತ್ರೆಯಲ್ಲಿ ಕೂಡಿಹಾಕುತ್ತಿದ್ದರು. ಊಟವಾದ ಮೇಲೆ ಅಂಥ ಮಕ್ಕಳು ನೆಲದ ಮೇಲಿನ ರೊಟ್ಟಿಯ ಚೂರುಗಳನ್ನು ಹುಡುಕುತ್ತಿದ್ದುದನ್ನು ಕಂಡು ಕಾವಲಿನವಳು ಹೇಸಿದಳಂತೆ. ಮಾಂಟೆಸೊರಿಯವರಾದರೋ, ಆ ಬರಿಯ ಕೋಣೆಯಲ್ಲಿ ಮಕ್ಕಳ ಕೈಗಳಿಗೆ ಹಿಡಿಯಲು ಬೇರೇನೂ ಇಲ್ಲವೆಂಬುದನ್ನು ಗ್ರಹಿಸಿದರು. ಈ ಕೊರತೆಗೆ ಔಷಧಕ್ಕಿಂತಲೂ ಶಿಕ್ಷಣವೇ ಹೆಚ್ಚು ಅವಶ್ಯವೆಂದು 1898ರಲ್ಲಿ ಟ್ಯೂರಿನ್ ನಗರದ ಶಿಕ್ಷಕರ ಮಹಾಸಭೆಯಲ್ಲಿ ಸಾರಿದರು. ಪೂರ್ವದಲ್ಲಿ ಇಂಥ ಮಕ್ಕಳಿಗಾಗಿ ಶ್ರಮಿಸಿದ್ದ ಫ್ರೆಂಚ್ ವೈದ್ಯರಾದ ಇಟಾರ್ಡ್, ಸೆಗ್ವಿನ್ ಎಂಬವರ ಗ್ರಂಥಗಳನ್ನು ಭಾಷಾಂತರಿಸಿ ತಮ್ಮ ಕೈಯಿಂದಲೇ ಬರೆದುಕೊಂಡರು. 1900ರಲ್ಲಿ ರೋಮಿನಲ್ಲಿ ಸ್ಥಾಪಿತವಾದ ವಿಶೇಷ ಶಾಲೆಯ ನಿರ್ದೇಶಕರಲ್ಲೊಬ್ಬರಾಗಿ, ಬೆಳಗಿನಿಂದ ಸಾಯಂಕಾಲದ ವರೆಗೂ ಮಕ್ಕಳೊಂದಿಗಿದ್ದು, ರಾತ್ರಿ ತಮ್ಮ ಅವಲೋಕನಗಳನ್ನು ಪರಿಶೀಲಿಸುತ್ತಿದ್ದರು. ಮುಟ್ಟಿ, ಎತ್ತಿ, ಹೊಂದಿಸಿ ಕಲಿತ ಆ ಮಕ್ಕಳಲ್ಲಿ ಕೆಲವರು ಓದುಬರಹಗಳನ್ನು ಕಲಿತು, ಸಾಧಾರಣ ಮಕ್ಕಳ ಪರೀಕ್ಷೆಯಲ್ಲಿಯೇ ತೇರ್ಗಡೆಯಾದರು. ಜನರು ಅದ್ಭುತವೆಂದು ಹೊಗಳಿದರು. ಆಕೆಗಾದರೋ, ಆರೋಗ್ಯವಂತ ಮಕ್ಕಳನ್ನು ಇಷ್ಟರಲ್ಲಿಯೇ ತಡೆದಿರುವ ನಮ್ಮ ಶಾಲೆಗಳ ದೋಷವೇನೆಂಬ ಚಿಂತೆಯುಂಟಾಯಿತು.

ಈ ಚಿಂತೆಯ ಫಲವಾಗಿ 1907ನೆಯ ಜನವರಿ 6ರಲ್ಲಿ ರೋಮಿನ ಸಾನ್ ಲೊರೆನ್ಸೊ ಎಂಬ ಬಡವರ ಕೇರಿಯಲ್ಲಿ ಮಕ್ಕಳ ಮನೆಯು ಪ್ರಾರಂಭವಾಯಿತು. ತಾಯಿತಂದೆಗಳು ಕೂಲಿಗೆ ಹೋದಾಗ ಬೀದಿಪಾಲಾಗುತ್ತಿದ್ದ ಸುಮಾರು ಐವತ್ತು ಮಕ್ಕಳಿಗೆ, ಅವರು ವಾಸಿಸುವ ಕಟ್ಟಡದಲ್ಲಿಯೇ ಸ್ಥಳ ದೊರೆಯಿತು. ಶುಲ್ಕವಿರಲಿಲ್ಲ, ಆದರೆ ಮಗುವನ್ನು ಶುಚಿಯಾಗಿ ಕಳುಹಿಸಬೇಕು, ತಾಯಿಯು ವಾರಕ್ಕೊಮ್ಮೆ ಶಿಕ್ಷಕಿಯೊಡನೆ ಮಗುವಿನ ವಿಷಯ ಮಾತನಾಡಬೇಕು ಎಂಬ ನಿಯಮವಿತ್ತು. ಹೀಗೆ ಮನೆಯೂ ಶಾಲೆಯೂ ಒಂದೇ ಭಾರಕ್ಕೆ ಹೆಗಲು ಕೊಟ್ಟವು.

ಆಕೆಯ ಜೀವಿತದಲ್ಲಿ ದುಃಖವಿಲ್ಲದಿರಲಿಲ್ಲ. 1898ರಲ್ಲಿ ಹುಟ್ಟಿದ ಸ್ವಂತ ಮಗನಾದ ಮಾರಿಯೊ ಬಾಲ್ಯದಲ್ಲಿ ಬೇರೆಯವರ ಮನೆಯಲ್ಲಿ ಬೆಳೆಯಬೇಕಾಯಿತು. ಪರರ ಮಕ್ಕಳಿಗೆ ತಾಯಿಯಾದವರಿಗೆ ಸ್ವಂತ ಶಿಶುವಿನ ಮೊದಲ ವರ್ಷಗಳು ದೊರೆಯಲಿಲ್ಲ. ಮುಂದೆ ಆ ಮಗನೇ ಆಕೆಯ ಕೆಲಸಕ್ಕೆ ಬಲಗೈಯಾದನು. 1939ರಲ್ಲಿ ಇಬ್ಬರೂ ಮದರಾಸಿನ ಅಡ್ಯಾರಿಗೆ ಬಂದರು. ಯುದ್ಧದ ನಿಮಿತ್ತ 1946ರ ವರೆಗೆ ಭಾರತದಲ್ಲಿಯೇ ಉಳಿದು, ಅಡ್ಯಾರು, ಕೊಡೈಕಾನಲ್ ಮೊದಲಾದ ಸ್ಥಳಗಳಲ್ಲಿ ನಮ್ಮ ದೇಶದ ಅನೇಕ ಉಪಾಧ್ಯಾಯರಿಗೆ ತರಬೇತಿಯನ್ನು ಕೊಟ್ಟರು. 1952ನೆಯ ಮೇ 6ರಲ್ಲಿ ಹಾಲೆಂಡಿನಲ್ಲಿ ಆಕೆಯು ದೈವಾಧೀನರಾದರು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಹೆತ್ತವರೇ, ಹಿಂದುಳಿದ ಹುಡುಗಿಯನ್ನು ದಡ್ಡಿಯೆಂದೆಣಿಸಿ ಕೊನೆಯ ಬೆಂಚಿನಲ್ಲಿ ಕುಳ್ಳಿರಿಸಿದ ತಪ್ಪು ನಮ್ಮಿಂದಲೂ ಆಗಿದೆ. ಮಾತು ತಡವಾದ ಮಗುವನ್ನು ನೆಂಟರ ಕಣ್ಣಿಗೆ ಬೀಳದಂತೆ ಒಳಮನೆಯಲ್ಲಿಡುವ ಸಂಸಾರಗಳನ್ನೂ ಕಂಡಿದ್ದೇವೆ. ಅಂಥ ಮಗು ನಿಮ್ಮ ಮನೆಯಲ್ಲಿದ್ದರೆ ನಾಚಬೇಡಿರಿ, ಕಾಲವನ್ನು ಕಳೆಯಬೇಡಿರಿ. ಅದರ ಕೈಗೆ ಕೆಲಸ ಕೊಡಿರಿ, ವೈದ್ಯರಿಗೆ ತೋರಿಸಿರಿ, ನಮ್ಮ ಬಳಿಗೂ ಕರೆತನ್ನಿರಿ. ಚಿಕ್ಕ ಮಕ್ಕಳನ್ನು ಹತ್ತಿರಕ್ಕೆ ಕರೆದ ಕರ್ತನು ಅವರಲ್ಲಿ ಯಾರನ್ನೂ ದೂರವಿಡಲಿಲ್ಲವಷ್ಟೆ.